ಕತ್ತರಿ ತಾಗದ ತಂತಿ

ನಮ್ಮ ಅತ್ತಿಗೆ ಗಂಗಾಲಕ್ಷ್ಮಿ ಮದುವೆಯಾಗಿ ಸೇಲಂನ ಅಮ್ಮಾಪೇಟೆಯ ನಮ್ಮ ಮನೆಗೆ ಬಂದಾಗ, ಬಟ್ಟೆಯ ಟ್ರಂಕನ್ನು ತವರಿನ ಹುಡುಗನೊಬ್ಬನ ಕೈಗೆ ಕೊಟ್ಟು, ಉದ್ದನೆಯ ಕಪ್ಪು ಚೀಲವೊಂದನ್ನು ತನ್ನ ಹೆಗಲಿಗೇ ಹಾಕಿಕೊಂಡು ವ್ಯಾನಿನಿಂದ ಇಳಿದಳು. ಮದುಮಗಳ ಹೆಗಲ ಮೇಲೆ ಅದೇನು ಎಂದು ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು. ಒಳಗಿರುವುದು ಎಲೆಕ್ಟ್ರಿಕ್ ಗಿಟಾರ್ ಎಂದು ಗೊತ್ತಾದ ಮೇಲೆ ಕೆಲವರು ಮೂಗು ಮುರಿದರು, ಕೆಲವರು ಇನ್ನಷ್ಟು ಹತ್ತಿರ ಬಂದರು. ನಮ್ಮ ಅಮ್ಮ ಪಳನಿಯಮ್ಮ ಆರತಿ ತಟ್ಟೆ ಹಿಡಿದುಕೊಂಡೇ ತೀರ್ಪು ಕೊಟ್ಟುಬಿಟ್ಟಳು.

"ಮೊದ್ಲು ಮಗ್ಗ ಕಲೀಲಿ. ಆಮ್ಯಾಕೆ ಅದೇನ್ ಬೇಕಾದ್ರೂ ಬಾರಿಸ್ಕೊಳ್ಳಿ."

"ಆಗ್ಲಿ ಅತ್ತೆ, ಎರಡೂ ಮಾಡ್ತೀನಿ," ಎಂದಳು ಅತ್ತಿಗೆ.

ಹೊಸ್ತಿಲು ದಾಟುವ ಮೊದಲೇ ಸೊಸೆ ಅತ್ತೆಗೆ ಉತ್ತರ ಕೊಟ್ಟಿದ್ದು ನಮ್ಮ ಬೀದಿಯಲ್ಲಿ ಅದೇ ಮೊದಲಿರಬೇಕು. ನಾನಾಗ ಸ್ಕೂಲಿಗೆ ಹೋಗುವ ಹುಡುಗಿ. ಅವಳು ನನಗೆ ಅಲ್ಲೇ ಹಿಡಿಸಿಬಿಟ್ಟಳು. ಇವತ್ತಿಗೂ ಅವಳ ವಿಷಯದಲ್ಲಿ ನಾನು ನ್ಯಾಯವಾಗಿ ಮಾತಾಡುವವಳಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವಳನ್ನು ಯಾರಾದರೂ ಒಂದು ಮಾತು ಅಂದರೆ ನನಗೆ ಮೈ ಉರಿಯುತ್ತದೆ.

ಅತ್ತಿಗೆಯ ತವರು ಧರ್ಮಪುರಿ. ಅವಳ ಅಪ್ಪ ಅಲ್ಲಿನ ಒಂದು ಲೈಟ್ ಮ್ಯೂಸಿಕ್ ತಂಡದ ವ್ಯಾನ್ ಓಡಿಸುತ್ತಿದ್ದರು. ತಾಯಿ ಇಲ್ಲದ ಮಗಳನ್ನು ಮನೆಯಲ್ಲಿ ಬಿಡಲಾಗದೆ ಹಾಡಿನ ಕಚೇರಿಗಳಿಗೆ ಜೊತೆಯಲ್ಲೇ ಕರೆದೊಯ್ಯುತ್ತಿದ್ದರು. ಸ್ಪೀಕರ್ ಡಬ್ಬಗಳ ಮಧ್ಯೆ ಕುಳಿತು ಬೆಳೆದ ಹುಡುಗಿಗೆ ತಂಡದ ಗಿಟಾರಿಸ್ಟ್ ಪ್ರಭಾಕರ್ ಒಂದೊಂದೇ ಬೆರಳು ಇಡುವುದನ್ನು ಹೇಳಿಕೊಟ್ಟರು. ಮದುವೆಯ ಹೊತ್ತಿಗೆ ತಮ್ಮ ಹಳೆಯ ಗಿಟಾರನ್ನೇ ಉಡುಗೊರೆಯಾಗಿ ಕೊಟ್ಟರು. ಅವಳು ಅವರನ್ನು ಮಾಮ ಎಂದು ಕರೆಯುತ್ತಾಳೆ, ಹಾಗಾಗಿ ನಾವೂ ಹಾಗೇ ಕರೆಯುತ್ತೇವೆ.

ಕೊಟ್ಟ ಮಾತಿನಂತೆ ಅತ್ತಿಗೆ ಮಗ್ಗ ಕಲಿತಳು. ನೇಕಾರರ ಮನೆಯಲ್ಲೇ ಹುಟ್ಟಿದ ನನಗೆ ಹತ್ತದ ವಿದ್ಯೆ, ವ್ಯಾನ್ ಡ್ರೈವರ್ ಮಗಳಿಗೆ ಸಲೀಸಾಗಿ ಹತ್ತಿತು. ನಾನು ಬೇಗನೆ ಕೈ ಎತ್ತಿ ಶೆವ್ವಾಯ್‌ಪೇಟೆಯ ಬೆಳ್ಳಿ ಕಾಲ್ಗೆಜ್ಜೆ ಪಟ್ಟರೆಗೆ, ಅಂದರೆ ಸಣ್ಣ ಕಾರ್ಖಾನೆಗೆ, ಕೆಲಸಕ್ಕೆ ಸೇರಿಕೊಂಡೆ. ಅಲ್ಲಿ ಇವತ್ತಿಗೂ ದಿನವಿಡೀ ಬೆಳ್ಳಿ ತಂತಿ ಕತ್ತರಿಸಿ ಕೊಂಡಿ ಮಾಡುತ್ತೇನೆ. ಅತ್ತಿಗೆ ನಮ್ಮಣ್ಣ ಶಿವಲಿಂಗಂ ಜೊತೆ ಮಗ್ಗದಲ್ಲಿ ಸರದಿ ಮೇಲೆ ಕೂರುತ್ತಾಳೆ. ಮದುವೆಯಾದ ಮೇಲೆ ಸೇರಿಕೊಂಡ ಸೇಲಂನ ತಂಡದ ಕಚೇರಿ ಸಂಜೆ ಇದ್ದರೆ ಗಿಟಾರ್ ಹಿಡಿದು ಹೊರಡುತ್ತಾಳೆ, ಜೊತೆಗೆ ನಾನು. ಹೆಂಗಸು ಒಬ್ಬಳೇ ಹೋಗಬಾರದೆಂದು ಅಮ್ಮ ಹಾಕಿದ ಷರತ್ತು ನನ್ನ ಪಾಲಿಗೆ ಹಬ್ಬವಾಯಿತು. ಎಷ್ಟು ಮದುವೆ ಊಟ ಉಂಡಿದ್ದೇನೋ ಲೆಕ್ಕವಿಲ್ಲ.

ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇದೆ. ಬೇರೆ ನೇಕಾರರ ಮನೆಗಳಲ್ಲಿ ಇದೆಯೋ ಇಲ್ಲವೋ ಕಾಣೆ, ನಮ್ಮಜ್ಜಿಯ ಕಾಲದಿಂದ ನಮ್ಮಲ್ಲಿದೆ. ಮಗ್ಗದ ಮೇಲೆ ಸೀರೆ ಇರುವಷ್ಟು ದಿನ ಮನೆಯೊಳಗೆ ಯಾರೂ ಎಳೆ ಕತ್ತರಿಸುವಂತಿಲ್ಲ. ಎಳೆ ತುಂಡಾದರೆ ಗಂಟು ಹಾಕಬೇಕು. ಉಳಿದ ತುದಿಯನ್ನು ಸುತ್ತಬೇಕು. ಕತ್ತರಿ ಇರುವುದು ಗೋಡೆಯ ಗೂಡಿನಲ್ಲಿ, ಚೌಡೇಶ್ವರಿಯ ಪಟದ ಮುಂದೆ. ಸೀರೆ ಮುಗಿದ ದಿನ ಅಮ್ಮ ಅದಕ್ಕೆ ಅರಿಶಿನ ಹಚ್ಚಿ, ತಾನೇ ಸೀರೆಯನ್ನು ಮಗ್ಗದಿಂದ ಕತ್ತರಿಸಿ ಇಳಿಸುತ್ತಾಳೆ. ಮನೆಗೆ ಹಿರಿಯಳಾದವಳ ಕೆಲಸ ಅದು, ಬೇರೆಯವರು ಕತ್ತರಿ ಮುಟ್ಟುವುದಿಲ್ಲ. ಸೀರೆ ಇಳಿದ ಬೆನ್ನಿಗೇ ಇನ್ನೊಂದು ಶುರುವಾಗುವುದರಿಂದ, ನಮ್ಮ ಮನೆಯಲ್ಲಿ ಕತ್ತರಿಗೆ ಕೆಲಸ ಸಿಗುವುದೇ ಅಪರೂಪ.

ಹೊಸದರಲ್ಲಿ ಅತ್ತಿಗೆಗೆ ಇದು ತಿಳಿಯದೆ, ಗಂಟಿನ ಬಾಲವನ್ನು ಒಂದು ದಿನ ಹಲ್ಲಿನಿಂದ ಕಡಿದುಬಿಟ್ಟಳು. ಅಮ್ಮ ರಾಟೆ ಬಿಟ್ಟು ಎದ್ದು ಬಂದಳು.

"ಎಳೆ ಉಳುದ್ರೆ ಸುತ್ಕೋ! ಕಡೀಬ್ಯಾಡ! ಕಡುದ್ ಎಳೆ ಯಾರ್ ಕೈಗೂ ಬರಲ್ಲ, ಸುತ್ತಿಟ್ಟಿದ್ದು ಯಾವತ್ತಾದ್ರೂ ಆಗ್ತದೆ!"

ಅವತ್ತು ಅಮ್ಮ ಊಟದವರೆಗೂ ಮುಖ ಊದಿಸಿಕೊಂಡಿದ್ದಳು. ಅತ್ತಿಗೆಯದು ಒಮ್ಮೆ ಬೈಸಿಕೊಂಡ ವಿಷಯಕ್ಕೆ ಮತ್ತೊಮ್ಮೆ ಬೈಸಿಕೊಳ್ಳುವ ಜಾತಿಯಲ್ಲ. ಮುಂದೆ ಅವಳ ಸುತ್ತು ಎಷ್ಟು ನಯವಾಯಿತೆಂದರೆ, ಅಕ್ಕಪಕ್ಕದ ಮಗ್ಗದವರು ಲಾಳಿಗೆಂದು ಅವಳು ನೂಲು ಸುತ್ತಿದ ಕಂಡಿಕೆ ನೋಡಿ ಮಿಷಿನ್ನಿನಲ್ಲಿ ಸುತ್ತಿದ್ದೋ ಎಂದು ಕೇಳುತ್ತಿದ್ದರು.

ಹೀಗೆ ಮಗ್ಗ ಗಿಟಾರ್ ಎರಡೂ ಜಗಳವಿಲ್ಲದೆ ನಡೆದುಕೊಂಡು ಹೋಗುತ್ತಿದ್ದಾಗ ಗಿಟಾರ್ ಕೈಕೊಟ್ಟಿತು.

ಮೊದಲ ಸಲ ಅದು ಸೇಲಂನಲ್ಲೇ, ಒಂದು ಕಲ್ಯಾಣ ಮಂಟಪದ ರಿಸೆಪ್ಷನ್ನಿನಲ್ಲಿ. ಅತ್ತಿಗೆ ಶ್ರುತಿ ಮಾಡಿಕೊಂಡೇ ವೇದಿಕೆ ಹತ್ತಿದ್ದಳು. ಎರಡನೇ ಹಾಡಿನ ನಡುವೆ ಗಿಟಾರ್ ಒಂದೇ ಬಾರಿಸುವ ಜಾಗ ಬರುತ್ತದೆ. ಅಲ್ಲಿ ಅವಳು ಮೂರನೇ ತಂತಿಯನ್ನು ಬೆರಳಿನಿಂದ ಮೇಲಕ್ಕೆ ತಳ್ಳಿ ಸ್ವರವನ್ನು ಎಳೆಯುತ್ತಾಳೆ. ಆ ಜಾಗಕ್ಕೆ ನಾನು ಯಾವಾಗಲೂ ಕಾಯುತ್ತಿರುತ್ತೇನೆ. ಅವತ್ತು ತಳ್ಳಿದ ತಂತಿ ತನ್ನ ಜಾಗಕ್ಕೆ ವಾಪಸ್ ಬಂತು, ಸ್ವರ ಬರಲಿಲ್ಲ, ಒಂದು ಕೂದಲೆಳೆ ಕೆಳಗೇ ನಿಂತಿತು. ಅದರ ಮೇಲೆ ಬಾರಿಸಿದ್ದೆಲ್ಲ ಹುಳಿಯಾಯಿತು. ಮುಂದಿನ ಸಾಲಿನಲ್ಲಿದ್ದ ಒಬ್ಬಾತ ಕಿವಿಗೆ ಕೈ ಇಟ್ಟುಕೊಂಡ. ಅವನ ಎಲೆಗೆ ಪಾಯಸ ಬೀಳದಿರಲಿ ಎಂದು ನಾನು ಮನಸ್ಸಿನಲ್ಲೇ ಶಪಿಸಿದೆ.

ತಂಡದ ಯಜಮಾನ ಮೋಹನ್‌ರಾಜ್ ಕೀಬೋರ್ಡ್ ಬಾರಿಸುವವನು. ಅವನ ಪೆಟ್ಟಿಗೆಯಲ್ಲಿ ಕೊಳಲು, ವೀಣೆ, ಗಿಟಾರ್ ಎಲ್ಲದರ ಸದ್ದೂ ಇದೆ. ತಟಕ್ಕನೆ ಬಟನ್ ಒತ್ತಿ ಉಳಿದ ಗಿಟಾರ್ ಭಾಗವನ್ನು ಅವನೇ ಬಾರಿಸಿ ಹಾಡು ಉಳಿಸಿದ. ಕೇಳುವವರಿಗೆ ವ್ಯತ್ಯಾಸ ಗೊತ್ತಾದಂತೆ ಕಾಣಲಿಲ್ಲ. ನನ್ನ ಹೊಟ್ಟೆ ಉರಿದದ್ದು ಅದಕ್ಕೇ.

ಮುಂದಿನ ಕಚೇರಿಯಲ್ಲಿ ಅದೇ ಕತೆ. ಅದರ ಮುಂದಿನದರಲ್ಲೂ ಅದೇ. ಆಮೇಲೆ ಮೋಹನ್‌ರಾಜ್ ಮನೆಗೇ ಬಂದ. ಕಾಫಿ ಕುಡಿದು ಲೋಟ ಕೆಳಗಿಡುವ ತನಕ ಹವಾಮಾನದ ಮಾತಾಡಿದ. ಆಮೇಲೆ ಬಾಯಿ ಬಿಟ್ಟ.

"ಗಂಗಾ, ತಪ್ಪಾ ನೆನೈಕ್ಕಾದೆ, ತಪ್ಪ್ ತಿಳ್ಕೋಬ್ಯಾಡ. ಬರೋ ವಾರ ಧರ್ಮಪುರಿ ರಿಸೆಪ್ಷನ್ ಐತೆ. ಮದ್ವೆ ಮನೆಯೋರು ಕೇಳೋದ್ ನನ್ನ. ಅಲ್ಲೂ ಇಂಗೇ ಆದ್ರೆ, ಇನ್ಮ್ಯಾಲೆ ಗಿಟಾರ್ ನಾನ್ ಕೀಬೋರ್ಡ್‌ನಾಗೇ ನೋಡ್ಕೋತೀನಿ. ನೀನ್ ವಸಿ ಕೈ ಅದುಮೋದ್ ಜಾಸ್ತಿ ಅನ್ಸುತ್ತೆ. ಮಗ್ಗದ್ ಕೈ ಅಲ್ವಾ?"

ಮಗ್ಗದ ಕೈಯಂತೆ! ಇದೇ ಕೈ ಇಷ್ಟು ವರ್ಷ ಅವನ ಮರ್ಯಾದೆ ಉಳಿಸಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ನನ್ನ ಮಂಡಿ ಅದುಮಿದಳು.

"ಸರಿ ಅಣ್ಣ. ಧರ್ಮಪುರೀಲಿ ನೋಡಾಣ," ಎಂದಳು.

ಅವನು ಹೋದ ಮೇಲೆ ನನಗೆ ನಿಜಕ್ಕೂ ಭಯವಾಯಿತು. ಎಷ್ಟೋ ತಂಡಗಳಲ್ಲಿ ಗಿಟಾರಿನವರೇ ಇಲ್ಲ, ಎಲ್ಲ ಕೀಬೋರ್ಡಿನದೇ ಕಾರುಬಾರು. ಒಮ್ಮೆ ಆ ಪೆಟ್ಟಿಗೆಯೊಳಗೆ ಹೋದ ಗಿಟಾರ್ ಮತ್ತೆ ಆಚೆ ಬರುವುದಿಲ್ಲ. ಧರ್ಮಪುರಿ ಬೇರೆ, ಅವಳ ಹುಟ್ಟೂರು. ಅಲ್ಲಿ ಅವಳು ತಂಡದಿಂದ ಇಳಿದಳೆಂದರೆ ಇಡೀ ಊರಿಗೆ ಸುದ್ದಿ.

"ಅತ್ತಿಗೆ, ಈಗೇನ್ ಮಾಡದು?" ಎಂದು ಕೇಳಿದೆ.

"ಅಳದಂತೂ ಇಲ್ಲ. ಮಾಮನ ಗಿಟಾರ್ ಕೆಟ್ಟಿಲ್ಲ, ನನ್ ಕೈಯೂ ಕೆಟ್ಟಿಲ್ಲ. ಮಧ್ಯದಾಗೆ ಏನೋ ಒಂದ್ ಕುಂತೈತೆ. ಅದ ಇಡೀತೀನಿ ನೋಡ್ತಿರು."

ಮಗ್ಗದಲ್ಲಿ ಬಟ್ಟೆ ಸೊಟ್ಟ ಬಂದರೆ ಅಣ್ಣ ಎಲ್ಲವನ್ನೂ ಒಟ್ಟಿಗೆ ಬಿಚ್ಚುವುದಿಲ್ಲ. ಒಂದನ್ನು ಸರಿಮಾಡಿ ನೆಯ್ದು ನೋಡುತ್ತಾನೆ, ಆಗದಿದ್ದರೆ ಇನ್ನೊಂದು. ಅತ್ತಿಗೆ ಅದೇ ದಾರಿ ಹಿಡಿದಳು. ಮೊದಲು ತಂತಿಯ ಮೇಲೆ ಅನುಮಾನ. ಹೊಸ ತಂತಿ ಕೆಲವು ದಿನ ಹಿಗ್ಗುತ್ತದೆ, ಹಿಗ್ಗುತ್ತಿರುವಷ್ಟು ದಿನ ಶ್ರುತಿ ಇಳಿಯುತ್ತದೆ. ಒಂದೊಂದೇ ತಂತಿಯನ್ನು ಬೆರಳಿನಿಂದ ಎತ್ತಿ ಎಳೆದು, ಮತ್ತೆ ಶ್ರುತಿ ಮಾಡಿ, ಮತ್ತೆ ಎಳೆದಳು. ಪ್ರಯೋಜನವಾಗಲಿಲ್ಲ. ಆಮೇಲೆ ತಂತಿ ಬಿಗಿಯುವ ಬಿರಡೆಗಳ ಸ್ಕ್ರೂಗಳನ್ನು ಅಣ್ಣ ಟೆಸ್ಟರ್‌ನಿಂದ ತಿರುಗಿಸಿ ಭದ್ರ ಮಾಡಿದ. ಭದ್ರವಾದವು, ಶ್ರುತಿ ಮಾತ್ರ ಭದ್ರವಾಗಲಿಲ್ಲ. ಫೋನಿನ ವಿಡಿಯೋದಲ್ಲಿ ಯಾವನೋ ಒಬ್ಬ, ಗಿಟಾರಿನ ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಬಿಳಿ ಪಟ್ಟಿಯ ಕಚ್ಚುಗಳಲ್ಲಿ ತಂತಿ ಸಿಕ್ಕಿಹಾಕಿಕೊಳ್ಳುತ್ತದೆ, ಅಲ್ಲಿ ಪೆನ್ಸಿಲ್ ಉಜ್ಜಿ ಎಂದ. ಉಜ್ಜಿದೆವು. ಟಿಕ್ ಎಂಬ ಸಣ್ಣ ಸದ್ದೊಂದು ನಿಂತಿತು, ಹುಳಿ ನಿಲ್ಲಲಿಲ್ಲ.

ಮಗ್ಗದ ಕೋಣೆಯ ತೇವದ ಮೇಲೂ ಅನುಮಾನ ಬಂತು. ಬಿಸಿಲುಗಾಲದಲ್ಲಿ ಎಳೆ ತುಂಡಾಗದಿರಲಿ ಎಂದು ಅಲ್ಲಿ ನೆಲಕ್ಕೆ ನೀರು ಚಿಮುಕಿಸುತ್ತೇವೆ. ಗಿಟಾರ್ ಅದೇ ಗೋಡೆಗೆ ನೇತುಹಾಕಿರುತ್ತಿತ್ತು. ಮರ ತಾನೇ, ಬಾಗಿರಬಹುದೆಂದು ಮುಂದಿನ ಕೋಣೆಗೆ ತಂದಿಟ್ಟೆವು. ಅಲ್ಲೂ ಅದೇ ಹಾಡು.

ಆಮೇಲೆ ಅತ್ತಿಗೆ ಮಾಡಿದ್ದು ನನಗೆ ಬಹಳ ಖುಷಿ ಕೊಟ್ಟಿತು. ಶ್ರುತಿ ಮಾಡಿದ ಗಿಟಾರನ್ನು ನನ್ನ ತೊಡೆಯ ಮೇಲಿಟ್ಟಳು.

"ನೀನ್ ಬಾರಿಸು."

"ನಂಗೆಲ್ ಬರ್ತದೆ ಅತ್ತಿಗೆ?"

"ಬರ್ದಿದ್ರೇ ಬೇಕು. ಮೂರ್ನೇ ತಂತಿ ಮ್ಯಾಕ್ ತಳ್ಳು, ಬುಡು. ಪೂ ಮುಟ್ಟಿದಂಗೆ ಮುಟ್ಟು."

ಹೂ ಮುಟ್ಟಿದಂತೆಯೇ ಮುಟ್ಟಿ ತಳ್ಳಿದೆ, ಬಿಟ್ಟೆ. ಕೆಲವು ಸಲ ಹೀಗೆ ಮಾಡಿದ ಮೇಲೆ ಅವಳು ಶ್ರುತಿ ನೋಡಿದಳು. ಇಳಿದಿತ್ತು! ಮಗ್ಗದ ಮಗ್ಗುಲಿಗೂ ಹೋಗದ ನನ್ನ ಮೆತ್ತನೆಯ ಕೈಯಲ್ಲೂ ಇಳಿದಿತ್ತು. ಮೋಹನ್‌ರಾಜ್‌ಗೆ ಆಗಲೇ ಫೋನ್ ಮಾಡಿ ಹೇಳಿಬಿಡೋಣವೆಂದೆ. ಅತ್ತಿಗೆ ಬಿಡಲಿಲ್ಲ. ಯಾವುದು ಅಲ್ಲ ಎಂದು ಗೊತ್ತಾಯಿತು, ಯಾವುದು ಹೌದು ಎಂದು ಗೊತ್ತಾಗಲಿ ಎಂದಳು.

ಪೇಟೆಯ ವಾದ್ಯದಂಗಡಿಯವನು ಗಿಟಾರ್ ನೋಡಿದವನೇ, ಹಳೆಯದಾಯಿತು, ಹೊಸದು ತೆಗೆದುಕೊಳ್ಳಿ ಎಂದ. ಮನೆಗೆ ಬರುವಾಗ ಟೌನ್ ಬಸ್ಸಿನಲ್ಲಿ ನಾನೂ ಅದನ್ನೇ ಹೇಳಿದೆ. ಅವಳು ಚೀಲವನ್ನು ಮಡಿಲಲ್ಲಿ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಯಾಕ್ ಕೆಟ್ಟೋಯ್ತು ಅಂತ ಗೊತ್ತಾಗ್ದೆ ಒಸದು ತಂದ್ರೆ, ಅದೂ ಇಂಗೇ ಮಾಡ್ತದೆ ಕಾರ್ತಿಕಾ."

ಕಚೇರಿಗೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. ಕೊನೆಗೆ ಪ್ರಭಾಕರ್ ಮಾಮನಿಗೆ ಫೋನ್ ಮಾಡಿದಳು. ಮೊದಲೇ ಯಾಕೆ ಮಾಡಲಿಲ್ಲವೆಂದರೆ, ಕೆಲವು ತಿಂಗಳಿಂದ ಅವರ ಕೈಗೆ ನಡುಕ ಬಂದು ಗಿಟಾರ್ ಹಿಡಿಯಲಾಗುತ್ತಿಲ್ಲ. ಆ ಮಾತೆತ್ತಿ ಅವರನ್ನು ನೋಯಿಸುವುದು ಅವಳಿಗೆ ಬೇಡವಾಗಿತ್ತು. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

"ನನ್ ಕೈಲಿದ್ದಾಗ ಸರಿಯಾಗಿತ್ತಲ್ಲಮ್ಮಾ. ನಿನ್ ಕೈಲೂ ಇಷ್ಟ್ ವರ್ಸ ಸರಿಯಾಗಿತ್ತು. ಅಪ್ಪೊ ಎನ್ನ ಮಾರಿಚ್ಚು? ಏನ್ ಬದ್ಲಾಯ್ತು, ಅದ ಉಡುಕು."

ಫೋನ್ ಇಟ್ಟ ಮೇಲೆ ಅತ್ತಿಗೆ ಒಂದೊಂದನ್ನೇ ಬೆರಳೆಣಿಸಿ ನೋಡಿದಳು. ಬದಲಾದದ್ದು ಒಂದೇ. ಮೊದಲೆಲ್ಲ ತಂತಿ ಹಳೆಯದಾದಾಗ ಅವಳು ಗಿಟಾರನ್ನು ಧರ್ಮಪುರಿಗೆ ಒಯ್ಯುತ್ತಿದ್ದಳು, ಮಾಮ ಹೊಸದು ಹಾಕಿಕೊಡುತ್ತಿದ್ದರು. ಅವರ ಕೈ ನಡುಗಲು ಶುರುವಾದ್ದರಿಂದ ಈ ಸಲ ಮೊದಲ ಬಾರಿಗೆ ಅವಳೇ ಹಾಕಿದ್ದಳು.

"ಅದಂಗೆಂಗೆ? ಮಾಮನ್ಗಿಂತ ನಾನೇ ನೀಟಾಗ್ ಆಕಿವ್ನಿ," ಎಂದಳು.

ನೀಟೇನೋ ಹೌದು. ಮಾಮ ಹಾಕಿದ ತಂತಿಗಳ ತುದಿ ಬಿರಡೆಯ ಹತ್ತಿರ ಮುಳ್ಳಿನ ಹಾಗೆ ಎದ್ದಿರುತ್ತಿದ್ದವು. ಗಿಟಾರ್ ಒರೆಸಲು ಹೋಗಿ ನಾನು ಎಷ್ಟು ಸಲ ಬೆರಳು ಚುಚ್ಚಿಕೊಂಡು ಅವರನ್ನು ಬೈದಿದ್ದೇನೋ. ಅತ್ತಿಗೆ ಹಾಕಿದ್ದರಲ್ಲಿ ಒಂದು ಮುಳ್ಳೂ ಇಲ್ಲ. ತಂತಿ ಬಿರಡೆಯ ಕಂಬಕ್ಕೆ ಕಂಡಿಕೆಯ ನೂಲಿನಂತೆ ಸಾಲಾಗಿ, ಸುತ್ತಿನ ಮೇಲೆ ಸುತ್ತಾಗಿ ಕುಳಿತಿರುತ್ತದೆ. ವೇದಿಕೆಯ ದೀಪದಲ್ಲಿ ಅದು ಹೊಳೆಯುವುದನ್ನು ನೋಡಿ ಮೋಹನ್‌ರಾಜ್ ಕೂಡ ಒಮ್ಮೆ ಮೆಚ್ಚಿಕೊಂಡಿದ್ದ.

ಅತ್ತಿಗೆ ಎದ್ದು ಮಗ್ಗದ ಹತ್ತಿರ ಹೋದಳು. ಅಣ್ಣ ನೆಯ್ಯುತ್ತಿದ್ದ. ಉದ್ದಕ್ಕೆ ಚಾಚಿದ ಹಾಸಿನ ಎಳೆಗಳ ಮೇಲೆ ಒಂದು ಸೀರೆ ಎಲ್ಲಿಗೆ ಮುಗಿಯಬೇಕೋ ಅಲ್ಲಿ ಕೆಂಪು ಬಣ್ಣದ ಗುರುತು ಹಾಕಿರುತ್ತಾನೆ. ನೆಯ್ದಂತೆಲ್ಲ ಆ ಗುರುತು ಹತ್ತಿರಕ್ಕೆ ಬರುತ್ತದೆ. ಅವಳು ಅದನ್ನು ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು.

"ನಿನ್ ನೈಲ್ ಪಾಲೀಸ್ ಕೊಡು."

ನನ್ನ ಕೆಂಪು ನೈಲ್ ಪಾಲಿಶ್‌ನಿಂದ ಮೂರನೇ ತಂತಿಗೆ ಚುಕ್ಕೆಗಳನ್ನಿಟ್ಟಳು. ಒಂದು, ತಂತಿ ಬಿರಡೆಯ ಸುತ್ತಿನಿಂದ ಹೊರಬೀಳುವ ಜಾಗದಲ್ಲಿ. ಇನ್ನೊಂದು, ಕೆಳಗೆ ತಂತಿಯ ಬುಡ ಸಿಕ್ಕಿಸಿರುವ ಜಾಗದಲ್ಲಿ. ಬಿರಡೆ ತಾನೇ ತಿರುಗುತ್ತಿದೆಯೋ ನೋಡಲು ಅದರ ಮೇಲೂ ಒಂದು. ಒಣಗಿದ ಮೇಲೆ ಅದೇ ಹಾಡಿನ ಅದೇ ಜಾಗವನ್ನು ಮತ್ತೆ ಮತ್ತೆ ಬಾರಿಸಿದಳು. ಅಣ್ಣ ಲಾಳಿ ನಿಲ್ಲಿಸಿ ನೋಡಿದ. ಮೂವರೂ ಬಗ್ಗಿದೆವು. ಬುಡದ ಚುಕ್ಕೆ ಅಲ್ಲೇ ಇತ್ತು. ಬಿರಡೆಯ ಚುಕ್ಕೆ ಅಲ್ಲೇ ಇತ್ತು. ಸುತ್ತಿನ ಬಾಯಲ್ಲಿದ್ದ ಚುಕ್ಕೆ ಮಾತ್ರ ಎಳ್ಳಿನಷ್ಟು ಮುಂದಕ್ಕೆ ಬಂದಿತ್ತು.

ಬಿರಡೆ ತಿರುಗದೆ ತಂತಿ ಮುಂದೆ ಬಂದಿದೆ ಎಂದರೆ, ಅದು ಸುತ್ತಿನೊಳಗಿಂದಲೇ ಬಂದಿರಬೇಕು. ಅಷ್ಟೊಂದು ಸುತ್ತುಗಳು ಒಂದರ ಮೇಲೊಂದು ಕುಳಿತಿದ್ದವು. ಬೆರಳು ಎಳೆದಾಗಲೆಲ್ಲ ಮೇಲಿನ ಸುತ್ತು ಕೆಳಗಿನದರ ಸಂದಿಗೆ ಇಳಿದು, ಒಂದಿಷ್ಟು ತಂತಿಯನ್ನು ಹೊರಗೆ ಬಿಡುತ್ತಿತ್ತು. ಮಾಮ ಉಳಿದ ತಂತಿಯನ್ನು ಕತ್ತರಿಸಿ ಎಸೆದು ಎರಡು ಮೂರು ಸುತ್ತು ಹಾಕುತ್ತಿದ್ದರು. ಅತ್ತಿಗೆ ಒಂದು ಚೂರೂ ಕತ್ತರಿಸದೆ ಇಡೀ ತಂತಿಯನ್ನು ಸುತ್ತಿಟ್ಟಿದ್ದಳು.

ನಾನು ನಗಬೇಕೋ ಅಳಬೇಕೋ ತಿಳಿಯದೆ ಅವಳ ಮುಖ ನೋಡಿದೆ.

"ಅತ್ತಿಗೆ, ಅದು ತಂತಿ! ನೂಲಲ್ಲ! ನಾನ್ ಪಟ್ಟರೇಲಿ ದಿನಾ ಕತ್ತರಿಸ್ತೀನಿ. ನಿಂಗ್ ವ್ಯತ್ಯಾಸ ಗೊತ್ತಿಲ್ವಾ?"

"ನಂಗೊತ್ತು. ನನ್ ಕೈಗೆ ಗೊತ್ತಿಲ್ಲ," ಎಂದಳು. "ತುದಿ ಉಳೀತು, ಸುತ್ತಿದೆ. ಕತ್ತರಿಸ್ಬೇಕು ಅಂತ ಒಂದ್ ಸಲಾನೂ ತಲೇಗೇ ಬಂದಿಲ್ಲ ಕಣೆ."

ಕಾರಣ ಸಿಕ್ಕಿತಲ್ಲ, ಇನ್ನೇನು ಎಂದುಕೊಂಡೆ. ಆದರೆ ಮಗ್ಗದ ಮೇಲೆ ಅರ್ಧ ಸೀರೆ ಇತ್ತು. ನಾನು ಉಪಾಯ ಹೇಳಿದೆ: ಗಿಟಾರ್ ಕೊಡು, ಪಟ್ಟರೆಗೆ ಒಯ್ದು ಒಂದು ನಿಮಿಷದಲ್ಲಿ ಕತ್ತರಿಸಿ ತರುತ್ತೇನೆ, ಅಮ್ಮನಿಗೆ ಗೊತ್ತೇ ಆಗುವುದಿಲ್ಲ. ಅಣ್ಣ ಎಂದಿನಂತೆ ಉಸಿರೆತ್ತದೆ ಲಾಳಿ ನೋಡುತ್ತಿದ್ದ. ಅತ್ತಿಗೆ ತಲೆಯಾಡಿಸಿದಳು.

"ಕದ್ದು ಯಾಕ್ ಮಾಡ್ಬೇಕು? ನಾನೇನ್ ತಪ್ಪ್ ಮಾಡ್ತಿವ್ನಾ? ಅತ್ತೇನೇ ಕೇಳ್ತೀನಿ."

ಅಮ್ಮ ಹಿತ್ತಲಿನ ಜಗುಲಿಯಲ್ಲಿ ರಾಟೆ ತಿರುಗಿಸುತ್ತಿದ್ದಳು. ಅತ್ತಿಗೆ ಗಿಟಾರನ್ನು ಹಸುಗೂಸಿನಂತೆ ಎತ್ತಿಕೊಂಡು ಹೋಗಿ ಅವಳ ಪಕ್ಕದಲ್ಲಿ ಕುಳಿತಳು. ನಾನು ಬಾಗಿಲ ಬಳಿ ನಿಂತೆ. ಜಗಳವಾದರೆ ಯಾರ ಪರ ನಿಲ್ಲಬೇಕೆಂದು ನನಗೆ ಗೊತ್ತಿತ್ತು.

"ಅತ್ತೆ, ಇದ ವಸಿ ಮುಟ್ಟಿ ನೋಡಿ."

ಅಮ್ಮ ರಾಟೆ ನಿಲ್ಲಿಸಿ ಬಿರಡೆಯ ಸುತ್ತಿನ ಮೇಲೆ ಬೆರಳಾಡಿಸಿದಳು. ಇಷ್ಟು ವರ್ಷಗಳಲ್ಲಿ ಅವಳು ಗಿಟಾರ್ ಮುಟ್ಟಿದ್ದು ಅದೇ ಮೊದಲು. ಅವಳ ಮುಖ ಅರಳಿತು.

"ಎಷ್ಟ್ ಚೆಂದಾಗಿ ಸುತ್ತಿದೀಯೆ! ಒಂದೂ ಎದ್ದಿಲ್ಲ."

"ಅದೇ ತಪ್ಪಾಗಿರದು ಅತ್ತೆ. ಸುತ್ತು ಜಾಸ್ತಿ ಆಗಿ ಒಳಕ್ ಇಳೀತೈತೆ. ಬಿಗಿ ನಿಲ್ತಿಲ್ಲ. ಇದ ಕತ್ತರಿಸ್ಬೇಕು. ಮಗ್ಗದ್ ಮ್ಯಾಲೆ ಸೀರೆ ಐತೆ, ಅದ್ಕೇ ನಿಮ್ಮ ಕೇಳದು."

ಅಮ್ಮನ ಬೆರಳು ಅಲ್ಲೇ ನಿಂತಿತು. ಅವಳು ಬೈಯುತ್ತಾಳೆಂದು ನಾನು ಕಾದೆ. ಬೈಯಲಿಲ್ಲ.

"ನಾನ್ ಕಲ್ಸಿದ್ದು," ಎಂದಳು ಮೆಲ್ಲಗೆ. "ಅವತ್ತು ಎಳೆ ಕಡುದೆ ಅಂತ ಬೈದ್ನಲ್ಲ."

"ಮಗ್ಗಕ್ಕೆ ಅದೇ ಸರಿ ಅತ್ತೆ."

"ಇದಕ್ಕ್ ಸರಿಯಿಲ್ಲ ಅಂತೀಯಾ?"

ಅತ್ತಿಗೆ ತಂತಿ ಮೀಟಿ ತೋರಿಸಿದಳು. ಕರೆಂಟಿಲ್ಲದ ಗಿಟಾರಿನ ಸದ್ದು ಬಹಳ ಸಣ್ಣದು. ಅಮ್ಮ ತಲೆ ಬಗ್ಗಿಸಿ ಕಿವಿ ಕೊಟ್ಟಳು. ಅತ್ತಿಗೆ ಒಮ್ಮೆ ಸರಿಯಾಗಿ ಮೀಟಿ, ಒಂದಷ್ಟು ಸಲ ತಳ್ಳಿ ಬಿಟ್ಟು, ಮತ್ತೆ ಮೀಟಿದಳು. ಅಮ್ಮ ಹುಳಿ ಮಾವಿನಕಾಯಿ ಕಚ್ಚಿದವಳಂತೆ ಮುಖ ಮಾಡಿದಳು. ಸಂಗೀತದ ಗಂಧವಿಲ್ಲದ ನಮ್ಮಮ್ಮನಿಗೂ ಗೊತ್ತಾಯಿತು.

ನಾನು ತಡೆಯಲಾರದೆ ಕೇಳಿದೆ. "ಗೂಡ್ನಿಂದ ಕತ್ತರಿ ತರ್ಲಾ?"

ಅಮ್ಮ ನನ್ನ ಮೇಲೆ ಹರಿಹಾಯ್ದಳು. "ಮಂಡೆ ಸರಿಯಾಗೈತಾ ನಿಂಗೆ? ಕಬ್ಬಿಣದ್ ತಂತೀಗೆ ನನ್ ಕತ್ತರಿ ಆಕಿ ಬಾಯ್ ಮುರ್ಸ್ತೀಯಾ? ಓಗು, ನಿನ್ ಪಟ್ಟರೆಯಿಂದ ಕಟಿಂಗ್ ಪ್ಲೇಯರ್ ತಗಂಬಾ!"

ಓಡಿಹೋಗಿ ತಂದೆ. ದಾರಿಯುದ್ದಕ್ಕೂ ನನಗೆ ನಗು. ಅತ್ತಿಗೆ ಅಷ್ಟರಲ್ಲಿ ಒಳಗೆ ಮಗ್ಗದ ಪಕ್ಕ ಕುಳಿತು ತಂತಿಗಳನ್ನೆಲ್ಲ ಬಿಚ್ಚಿ, ಕೂಡಿಟ್ಟಿದ್ದ ಹೊಸ ತಂತಿಗಳನ್ನು ಹಾಸಿಟ್ಟಿದ್ದಳು. ಅಮ್ಮ ಪ್ಲೇಯರ್ ಇಸಿದುಕೊಂಡು ಅದರ ಹಿಡಿಗೆ ಅರಿಶಿನ ಹಚ್ಚಿದಳು. ಯಾವ ಕಂಪನಿ ಮಾಡಿದ ಪ್ಲೇಯರ್‌ಗೂ ಅಂಥ ಮರ್ಯಾದೆ ಸಿಕ್ಕಿರಲಾರದು. ಪಟದ ಕಡೆ ತಿರುಗಿ ಒಮ್ಮೆ ಕೈ ಮುಗಿದಳು.

"ಎಲ್ಲಿಗ್ ಕತ್ತರಿಸ್ಬೇಕು ಏಳು."

ಅತ್ತಿಗೆ ತಂತಿಯನ್ನು ಎಳೆದು ಹಿಡಿದು, ಎರಡು ಮೂರು ಸುತ್ತಿಗೆ ಸಾಕಾಗುವಷ್ಟು ಬಿಟ್ಟು ಉಗುರಿನಿಂದ ಜಾಗ ತೋರಿಸಿದಳು. ಅಮ್ಮ ಕಣ್ಣು ಮುಚ್ಚಿಕೊಂಡು ಒತ್ತಿದಳು. ತುಂಡು ಟಿಣ್ ಎಂದು ಹಾರಿ ಎಲ್ಲಿಗೋ ಬಿತ್ತು. ಬೆಚ್ಚಿದ ಅಮ್ಮ, "ಉಡುಕಿ, ಉಡುಕಿ! ಎಳೇಲಿ ಸಿಕ್ಕಂಡ್ರೆ ಸೀರೆ ಅರುದೋಯ್ತದೆ!" ಎಂದು ಕೂಗಿ ನಮ್ಮೆಲ್ಲರನ್ನೂ ನೆಲಕ್ಕೆ ಕೆಡವಿದಳು. ತುಂಡು ನನ್ನ ಜಡೆಯಲ್ಲಿ ಸಿಕ್ಕಿತು. ಉಳಿದ ಐದನ್ನು ಕತ್ತರಿಸುವಾಗ ತುದಿಗೆ ಬಟ್ಟೆ ಹಿಡಿದೆವು.

ಮಾರನೆಯ ಬೆಳಿಗ್ಗೆ ಅಣ್ಣ ನೆಯ್ಯಲು ಕೂತ ಸ್ವಲ್ಪ ಹೊತ್ತಿಗೇ ಹಾಸಿನಲ್ಲಿ ಒಂದು ಎಳೆ ತುಂಡಾಯಿತು. ಅಮ್ಮ ನೋಡಿದಳು. ಅತ್ತಿಗೆ ನೋಡಿದಳು. ಎಳೆ ತುಂಡಾಗುವುದು ದಿನಾ ಇರುವುದೇ, ಆದರೂ ಆ ಕ್ಷಣ ಕಟ್ಟಳೆ ಮುರಿದದ್ದಕ್ಕೇ ಹೀಗಾಯಿತೋ ಎಂದು ನಾನು ಪಟದ ಕಡೆ ನೋಡಿದೆ. ಅಣ್ಣ ಇಬ್ಬರ ಮುಖವನ್ನೂ ನೋಡದೆ ಗಂಟು ಹಾಕಿ, ಮತ್ತೆ ಲಾಳಿ ಎಸೆದ. ಮಾತಾಡದ ಗಂಡಸು ಒಮ್ಮೊಮ್ಮೆ ಎಷ್ಟು ಒಳ್ಳೆಯವನು ಎಂದು ಅವತ್ತು ಅನ್ನಿಸಿತು.

ಧರ್ಮಪುರಿಗೆ ಹೊರಟ ದಿನ ಸುಡುಬಿಸಿಲು. ತೊಪ್ಪೂರು ಘಾಟಿನಲ್ಲಿ ಲಾರಿಗಳ ಹಿಂದೆ ತೆವಳುತ್ತಿದ್ದ ವ್ಯಾನ್ ಒಳಗೆ ಒಲೆಯಂತಾಗಿತ್ತು. ಈ ಶಾಖಕ್ಕೆ ತಂತಿ ಸಡಿಲವಾದರೆ ಎಂದು ನಾನು ಪಿಸುಗುಟ್ಟಿದೆ. ಸಡಿಲವಾದರೆ ಅಲ್ಲೇ ಬಿಗಿದುಕೊಂಡರಾಯಿತು, ಆಮೇಲೆ ನಿಲ್ಲುತ್ತದೆ ಎಂದಳು ಅತ್ತಿಗೆ. ಅವಳು ನನ್ನ ಹೆಗಲಿಗೆ ಒರಗಿ ನಿದ್ದೆಯನ್ನೂ ಮಾಡಿದಳು. ನನಗೆ ನಿದ್ದೆ ಬರಲಿಲ್ಲ.

ಮಂಟಪದ ಮುಂದಿನ ಸಾಲಿನಲ್ಲಿ ಪ್ರಭಾಕರ್ ಮಾಮ ಕುಳಿತಿದ್ದರು, ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು. ಅವರ ಸುತ್ತ ಅತ್ತಿಗೆಯ ತವರಿನವರು. ಮೋಹನ್‌ರಾಜ್ ಹಾಡಿಗೆ ಮೊದಲೇ ಕೀಬೋರ್ಡಿನಲ್ಲಿ ಗಿಟಾರ್ ಸದ್ದಿನ ಬಟನ್ ಒತ್ತಿಟ್ಟುಕೊಂಡಿದ್ದನ್ನು ನಾನು ವೇದಿಕೆಯ ಪಕ್ಕದಿಂದ ನೋಡಿದೆ. ಅತ್ತಿಗೆಯೂ ನೋಡಿದಳು. ನೋಡಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು.

ಮೊದಲ ಹಾಡು ಮುಗಿಯಿತು. ಎರಡನೆಯದರಲ್ಲಿ ಅದೇ ಜಾಗ ಬಂತು. ಅವಳು ಮೂರನೇ ತಂತಿಯನ್ನು ತಳ್ಳಿದಳು, ಹಿಂದೆಂದಿಗಿಂತ ಹೆಚ್ಚಾಗಿ ತಳ್ಳಿದಳು, ಸ್ವರ ಮೇಲೇರಿ ಅಲ್ಲೇ ನಡುಗುತ್ತ ನಿಂತಿತು. ಬಿಟ್ಟಳು. ಸ್ವರ ತನ್ನ ಮನೆಗೆ ವಾಪಸ್ ಬಂದು ಕುಳಿತಿತು. ಮತ್ತೆ ತಳ್ಳಿದಳು. ಮತ್ತೆ ಬಂತು. ನಾನು ಕೈಯಲ್ಲಿದ್ದ ನೀರಿನ ಬಾಟಲಿ ಬೀಳಿಸಿದೆ. ಅವಳು ಆ ಜಾಗವನ್ನು ಲೆಕ್ಕಕ್ಕಿಂತ ಒಂದು ಸುತ್ತು ಜಾಸ್ತಿಯೇ ಬಾರಿಸಿದಳು, ತಬಲಾದವನು ನಗುತ್ತ ಜೊತೆ ಕೊಟ್ಟ. ಮೋಹನ್‌ರಾಜ್‌ನ ಕೈ ಕೀಗಳ ಮೇಲೆ ಕಾದು ಕಾದು, ಕೊನೆಗೆ ಬಟನ್ ಬದಲಾಯಿಸಿ ಕೊಳಲಿಗೆ ಹೋಯಿತು. ಕೊನೆಯ ಹಾಡಿನವರೆಗೂ ಅವನು ಗಿಟಾರ್ ಬಟನ್ ಮುಟ್ಟಲಿಲ್ಲ.

ಊಟದ ಹೊತ್ತಿಗೆ ಅವನೇ ಬಂದ. ಎಲ್ಲರ ಮುಂದೆ ಬಂದ, ಅದನ್ನು ಅವನ ಲೆಕ್ಕಕ್ಕೆ ಸೇರಿಸಲೇಬೇಕು.

"ಎನ್ನ ಪಣ್ಣೇ ಗಂಗಾ, ಏನ್ ಮಾಡ್ದೆ? ಒಸ ಗಿಟಾರ್ ಥರಾ ನಿಂತದಲ್ಲ!"

"ಉಳಿದಿದ್ದ ತಂತಿ ಕತ್ತರ್ಸಿದೆ. ಅವ್ಳೋದಾನ್, ಅಷ್ಟೇ."

"ಕೈ ಅದುಮದು ಅಂತ ನಾನ್ ತಪ್ಪಾಗ್ ಏಳ್ದೆ. ಮುಂದಿನ್ ತಿಂಗ್ಳು ಮೇಟ್ಟೂರ್ ಕಚೇರಿ ಐತೆ, ಬಂದ್ಬಿಡು."

ಪ್ರಭಾಕರ್ ಮಾಮ ಗಿಟಾರನ್ನು ಮಡಿಲಲ್ಲಿಟ್ಟುಕೊಂಡು, ಬಿರಡೆಗಳ ಮೇಲೆ ನಡುಗುವ ಬೆರಳಾಡಿಸಿದರು. ಮುಳ್ಳಿನಂತಿದ್ದ ತುದಿ ಚುಚ್ಚಿತು. ಬೆರಳನ್ನು ಬಾಯಿಗಿಟ್ಟುಕೊಂಡು, "ಆ, ಈಗ್ ಸರಿಯಾಗೈತೆ," ಎಂದು ಮಗುವಿನ ಹಾಗೆ ನಕ್ಕರು. ಅತ್ತಿಗೆ ಅವರ ಕಾಲು ಮುಟ್ಟಿದಳು.

ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅದಾದ ಕೆಲವೇ ದಿನಕ್ಕೆ ಮಗ್ಗದ ಮೇಲಿದ್ದ ಸೀರೆ ಮುಗಿಯಿತು. ಬೆಳಿಗ್ಗೆ ನಾನು ಪಟ್ಟರೆಗೆ ಹೊರಡುವ ಹೊತ್ತು. ಅಣ್ಣ ಕೊನೆಯ ಸಾಲು ನೆಯ್ದು, ಕೆಂಪು ಗುರುತಿನ ಹತ್ತಿರ ಲಾಳಿ ಇಟ್ಟು, ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯಿಂದ ಮೇಲೆ ಬಂದ. ಅಮ್ಮ ಗೂಡಿನಿಂದ ಕತ್ತರಿ ತೆಗೆದು ಅರಿಶಿನ ಹಚ್ಚಿದಳು. ಅತ್ತಿಗೆ ಎಂದಿನಂತೆ ಸೀರೆಯ ಅಂಚು ಹಿಡಿಯಲು ಹೋಗಿ ನಿಂತಳು.

"ಗಂಗಾ, ಅಂಚ ಕಾರ್ತಿಕಾ ಇಡ್ಕಂತಾಳೆ. ನೀನ್ ಇದ ಇಡಿ," ಎಂದು ಅಮ್ಮ ಕತ್ತರಿ ಚಾಚಿದಳು.

ವೇದಿಕೆಯ ಮೇಲೆ ಊರಿಗೆ ಊರೇ ನೋಡುತ್ತಿದ್ದಾಗ ಅಳುಕದ ನಮ್ಮ ಅತ್ತಿಗೆ ಒಂದು ಹೆಜ್ಜೆ ಹಿಂದೆ ಸರಿದಳು.

"ನೀವ್ ಇರೋವಾಗ ನಾನಾ ಅತ್ತೆ?"

"ನಾನ್ ಇರೋವಾಗ್ಲೇ ಕಲೀಬೇಕು. ಯಾವ್ದ ಸುತ್ತಬೇಕು, ಯಾವ್ದ ಕತ್ತರಿಸ್ಬೇಕು ಅಂತ ನಿಂಗ್ ಗೊತ್ತಾಯ್ತಲ್ಲ. ಕತ್ತರ್ಸು."

ನಾನು ಅಂಚು ಹಿಡಿದೆ. ಅತ್ತಿಗೆ ಗುರುತಿನ ಮೇಲೆ ಕತ್ತರಿ ಇಟ್ಟು, ಈ ತುದಿಯಿಂದ ಆ ತುದಿಯವರೆಗೆ ನಿಲ್ಲಿಸದೆ ಕತ್ತರಿಸಿದಳು. ಬಿಗಿ ಬಿಟ್ಟ ಸೀರೆ ಮೆತ್ತಗೆ ನನ್ನ ಕೈಗೆ ಬಂತು. ಅವಳ ಕಣ್ಣು ತುಂಬಿತ್ತು, ನನ್ನದೂ. ಕತ್ತರಿಯನ್ನು ವಾಪಸ್ ಕೊಡಲು ಅವಳು ತಿರುಗಿದಾಗ ಅಮ್ಮ ಆಗಲೇ ರಾಟೆಯ ಹತ್ತಿರ ಹೋಗಿ ಕುಳಿತಿದ್ದಳು. ಅತ್ತಿಗೆಯೇ ಅದನ್ನು ಸೆರಗಿನಿಂದ ಒರೆಸಿ, ಗೂಡಿನಲ್ಲಿ ಇಟ್ಟು ಬಂದಳು.